ಅಡುಗೆಮನೆ ಕಡೆಯ ಗಾಜು

ಪುಣೆಯ ಧನಕವಡಿಯ ಆ ಮನೆಯಲ್ಲಿ ಚನ್ನವೀರ ಊಟಕ್ಕೆ ಕೂತಾಗ ನೀರು ಬೇಕೆಂದು ಬಾಯಿಬಿಟ್ಟು ಕೇಳಿದವನಲ್ಲ. ಕಣ್ಣು ಎದುರಿನ ಟೀವಿಯ ಮೇಲೆ ನೆಟ್ಟಿರುತ್ತದೆ, ಎಡಗೈ ತನ್ನಷ್ಟಕ್ಕೆ ತಾನು ಖಾಲಿ ಲೋಟವನ್ನು ಹೆಗಲ ಮಟ್ಟಕ್ಕೆ ಎತ್ತುತ್ತದೆ. ಅವನ ಬೆನ್ನ ಹಿಂದಿನ ಗೋಡೆಯಲ್ಲಿ, ಹಾಲ್‌ಗೂ ಅಡುಗೆಮನೆಗೂ ನಡುವೆ, ತಾಟು ದಾಟಿಸಲೆಂದು ಬಿಲ್ಡರ್ ಬಿಟ್ಟ ಉದ್ದನೆಯ ಕಿಂಡಿಯಿದೆ. ಆ ಕಿಂಡಿಯಿಂದ ಹೆಂಡತಿ ತ್ರಿವೇಣಿಯ ಕೈ ಹೊರಬಂದು ಲೋಟ ತೆಗೆದುಕೊಳ್ಳುತ್ತದೆ, ತುಂಬಿ ಮತ್ತೆ ಅದೇ ಕೈಯಲ್ಲಿ ಇಡುತ್ತದೆ. ಮದುವೆಯಾದಾಗಿನಿಂದ ಹೀಗೇ ನಡೆದುಬಂದದ್ದರಿಂದ ಅದು ಸರಿಯೋ ತಪ್ಪೋ ಎಂದು ಯಾರೂ ಯೋಚಿಸಿರಲಿಲ್ಲ. ತ್ರಿವೇಣಿಯೂ ಯೋಚಿಸಿರಲಿಲ್ಲ, ಮೀನಿನ ತೊಟ್ಟಿಯ ಮಾತು ಬರುವವರೆಗೆ.

ತೊಟ್ಟಿಯ ಮಾತು ತೆಗೆದವನು ಚನ್ನವೀರನ ತಮ್ಮ ಸ್ವಪ್ನಿಲ್. ಅವನಿಗೆ ಬೆಳಗಾವಿ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ಇವರು ಹೋಗಿ ಹುಡುಗಿ ನೋಡಿ ಬಂದಾಗಿತ್ತು. ಇನ್ನು ಹುಡುಗಿಯ ಕಡೆಯವರು ಪುಣೆಗೆ ಬಂದು ಮನೆ ನೋಡುವುದು ಬಾಕಿ. ಬಂದವರು ಬಾಗಿಲಲ್ಲೇ ಬೆರಗಾಗಿ ನಿಲ್ಲುವಂಥದ್ದು ಮನೆಯಲ್ಲಿ ಏನಾದರೊಂದು ಇರಬೇಕೆಂದು ಸ್ವಪ್ನಿಲ್‌ನ ಆಸೆ. ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ಖರೀದಿಯ ಕೆಲಸ ನೋಡುವ ಚನ್ನವೀರನಿಗೂ ಆ ಮಾತು ಹಿಡಿಸಿತು. ಅವನ ಸಾಹೇಬರ ಮನೆಯಲ್ಲಿ ಗೋಡೆಗೆ ಗೋಡೆಯೇ ಮೀನಿನ ತೊಟ್ಟಿಯಾಗಿದ್ದುದನ್ನು ಅವನು ಕಣ್ಣಾರೆ ಕಂಡು ಬಂದಿದ್ದ. ನಮ್ಮದು ನೆಲಮಹಡಿ, ಎಷ್ಟು ಭಾರ ಹೇರಿದರೂ ಯಾರಪ್ಪನ ಹಂಗಿಲ್ಲ ಎಂದು ಅಣ್ಣತಮ್ಮ ಮಾತಾಡಿಕೊಂಡರು. ಕಿಂಡಿಯ ಕೆಳಗಿನ ಗೋಡೆ ಒಡೆಯುವುದು, ಕಬ್ಬಿಣದ ಸ್ಟ್ಯಾಂಡ್ ಕೂಡಿಸುವುದು, ಕಿಂಡಿಯ ಉದ್ದಕ್ಕೂ ಗಾಜಿನ ತೊಟ್ಟಿ ಕಟ್ಟಿಸುವುದು ಎಂದು ನಿರ್ಧಾರವಾಯಿತು.

ತ್ರಿವೇಣಿಗೆ ಮೀನಿನ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅವಳಿಗೆ ಚಿಂತೆ ಹತ್ತಿದ್ದು ಬೆಳಕಿನದು. ಅಡುಗೆಮನೆಗೆ ಹೆಸರಿಗೊಂದು ಕಿಟಕಿಯಿತ್ತು. ಪಕ್ಕದ ಕಟ್ಟಡ ಎದ್ದ ಮೇಲೆ ಅದರಾಚೆ ಕಾಣುವುದು ಆ ಕಟ್ಟಡದ ಗಲೀಜು ನೀರಿನ ಪೈಪುಗಳು ಮಾತ್ರ. ಹಗಲಿನ ಬೆಳಕೆಂದರೆ ಹಾಲ್‌ನ ಬಾಲ್ಕನಿಯಿಂದ ಕಿಂಡಿ ದಾಟಿ ಬಂದದ್ದೇ ಬೆಳಕು. ಆ ಕಿಂಡಿಯ ಎದುರು ನಿಂತೇ ಅವಳು ಜೋಳದ ಹಿಟ್ಟು ನಾದುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಬೇಳೆಯ ಕಸ ಆರಿಸುತ್ತಾಳೆ. ಬಾಗಿಲಿಗೆ ಯಾರು ಬಂದರು, ಮಗಳು ಮುಕ್ತಾ ಯಾವ ಮುಖ ಹೊತ್ತು ಕಾಲೇಜಿನಿಂದ ಬಂದಳು ಎಂದು ಅಲ್ಲಿಂದಲೇ ನೋಡುತ್ತಾಳೆ. ಹಾಲ್‌ನ ಮಂಚದ ಮೇಲೆ ಕೂತ ಅತ್ತೆ ಸಾವಂತ್ರವ್ವನ ಜೊತೆ ಊರ ಉಸಾಬರಿಯೆಲ್ಲ ಮಾತಾಡುವುದೂ ಅಲ್ಲಿಂದಲೇ. ಹೊರಗಿನವರು ಬಂದಾಗ ಮಾತ್ರ ಸಾವಂತ್ರವ್ವ ಎದ್ದು ಕಿಂಡಿಯ ಪರದೆ ಎಳೆದುಬಿಡುತ್ತಾಳೆ. ಬೇಯುವ ಅನ್ನದ ಮೇಲೆ ಮಂದಿಯ ಕಣ್ಣು ಬೀಳಬಾರದು ಎನ್ನುವುದು ಅವಳ ತವರಿನಿಂದ ಬಂದ ಕಟ್ಟಳೆ.

ತೊಟ್ಟಿಯ ಎರಡೂ ಕಡೆ ಗಾಜೇ ಇರುತ್ತದಲ್ಲ ಎಂದು ತ್ರಿವೇಣಿ ಮೈದುನನನ್ನು ಕೇಳಿ ಖಾತ್ರಿ ಮಾಡಿಕೊಂಡಳು. ಗಾಜಲ್ಲದೆ ಇನ್ನೇನು ವೈನಿ, ಬೆಳಕು ಇನ್ನೂ ಚೆಂದಾಗಿ ಬರುತ್ತದೆ ಎಂದು ಅವನು ನಕ್ಕ. ಅವಳೂ ಒಪ್ಪಿಕೊಂಡಳು.

ಯೆರವಡಾದಲ್ಲಿ ತೊಟ್ಟಿ ಕಟ್ಟಿಕೊಡುವ ಮಧುಕರ ಒಂದು ಭಾನುವಾರ ಗಾಜಿನ ತುಂಡುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದ. ಗಿರಾಕಿ ಏನಂದರೂ ಮರಾಠಿಯಲ್ಲಿ "ಚಾಲತಂಯ್", ನಡೀತದೆ, ಎಂದು ತಲೆಯಾಡಿಸುವ ಮಾತಿನ ಮಲ್ಲ. ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ ತುಂಡುಗಳನ್ನು ಸಾಲಾಗಿ ಇಟ್ಟ. ಒಂದರ ಅಂಚು ಹಸಿರು, ಕೊತ್ತಂಬರಿ ತೊಳೆದ ನೀರಿನ ಹಾಗೆ; ಇನ್ನೊಂದು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ಹಸಿರಿನದು ಸಾದಾ ಗಾಜು, ದಪ್ಪವಾದಷ್ಟೂ ಹಸಿರು ಹೆಚ್ಚು, ಅದರ ಹಿಂದೆ ಎಂಥ ಬಣ್ಣದ ಮೀನೂ ಮಂಕು. ತಿಳಿಯದರಲ್ಲಿ ಕಬ್ಬಿಣದ ಅಂಶ ಕಡಿಮೆ, ಆದರೆ ಬೆಲೆ ಮೈಮೇಲೆ ಬರುತ್ತದೆ ಎಂದ. ಬೆಂಕಿಯಲ್ಲಿ ಕಾಸಿ ಗಟ್ಟಿ ಮಾಡಿದ ಗಾಜೇ ಬೇಕೆಂದು ಸ್ವಪ್ನಿಲ್ ಹಟ ಹಿಡಿದಾಗ, ಅದಕ್ಕೆ ಆಮೇಲೆ ಪೈಪಿನ ತೂತು ಹಾಕಲು ಬರುವುದಿಲ್ಲ, ಒಡೆದರೆ ಬಿರುಕು ತೋರಿಸಿ ಎಚ್ಚರಿಸುವುದೂ ಇಲ್ಲ, ಕಲ್ಲುಸಕ್ಕರೆಯ ಚೀಲ ಬಿಚ್ಚಿದಂತೆ ಒಮ್ಮೆಲೇ ಸುರಿಯುತ್ತದೆ ಎಂದು ಒಪ್ಪಿಸಿದ.

ತ್ರಿವೇಣಿ ಅವಲಕ್ಕಿ ಕಲಸುತ್ತ ಕಿಂಡಿಯಿಂದ ಎಲ್ಲ ಕೇಳುತ್ತಿದ್ದಳು. ಚನ್ನವೀರ ಖರೀದಿಯಲ್ಲಿ ಪಳಗಿದವನು. ಹಾಲ್ ಕಡೆಗೆ ಹನ್ನೆರಡು ಎಂಎಂ ದಪ್ಪದ ತಿಳಿ ಗಾಜು ಹಾಕೋಣ, ಅಡುಗೆಮನೆ ಕಡೆಗೆ ಹತ್ತರ ಸಾದಾ ಗಾಜು ಸಾಕು, ಆ ಕಡೆ ಯಾರು ನೋಡುತ್ತಾರೆ ಎಂದ. ಮಧುಕರ ಚಾಲತಂಯ್ ಎಂದ.

ಅವಲಕ್ಕಿಯ ಬಟ್ಟಲು ಕಿಂಡಿಯಲ್ಲೇ ಉಳಿಯಿತು.

"ನೀರಿಗೆ ಹಾಲ್ ಯಾವುದು, ಅಡಗಿಮನಿ ಯಾವುದು ಗೊತ್ತಿರತದೇನ್ರಿ?" ಎಂದಳು ತ್ರಿವೇಣಿ. "ನಮ್ಮ ಹುಬ್ಬಳ್ಳಿ ಮನ್ಯಾಗ ನೀರು ವಾರಕ್ಕೊಮ್ಮೆ ಬರ್ತಿತ್ತು. ತಗಡಿನ ಡ್ರಮ್ಮಿನ ತುಂಬ ತುಂಬಿಸಿದರ ಅದು ಸುತ್ತೂ ಕಡೆ ಉಬ್ಬತಿತ್ತು. ಪಡಸಾಲಿ ಕಡೆ ಹೆಚ್ಚು, ಹಿತ್ತಲ ಕಡೆ ಕಮ್ಮಿ ಅಂತ ಉಬ್ಬಿದ್ದು ನಾ ನೋಡಿಲ್ಲ. ತಟ್ಟನ ಗಾಜ ಒಡದರ ಆ ನೀರು ಯಾರ ಕಾಲಿನ ಮ್ಯಾಲ ಬೀಳತದ? ನಿಂತಾಕಿ ನಾನು."

ಮಧುಕರ ತಡಮಾಡಲಿಲ್ಲ. ತಾಯಿ ಹೇಳುವುದು ಬರೋಬರ್, ದಪ್ಪ ಎರಡೂ ಕಡೆ ಒಂದೇ ಇರಬೇಕು ಎಂದುಬಿಟ್ಟ. ಮೊದಲೇ ಯಾಕೆ ಹೇಳಲಿಲ್ಲ ಎಂದು ಯಾರೂ ಅವನನ್ನು ಕೇಳಲಿಲ್ಲ. ಚನ್ನವೀರ ಮುಖ ಸಿಂಡರಿಸಿ ದಪ್ಪಕ್ಕೆ ಒಪ್ಪಿದ. ಗಾಜು ಮಾತ್ರ ಆ ಕಡೆ ಸಾದಾ ಇರಲಿ ಎಂದ. ಒಂದು ಕಡೆ ಕೈಬಿಟ್ಟದ್ದನ್ನು ಇನ್ನೊಂದು ಕಡೆ ಎಳೆದುಕೊಳ್ಳದಿದ್ದರೆ ಅವನಿಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಆಮೇಲೆ ಮಧುಕರ ಚೀಲದಿಂದ ಇನ್ನೊಂದು ಸುರುಳಿ ತೆಗೆದ. ಕಡುನೀಲಿ ಕಾಗದ, ಅದರ ಮೇಲೆ ಹವಳದ ಗಿಡಗಳ ಚಿತ್ರ. ಹಿಂದಿನ ಗಾಜಿಗೆ ಇದನ್ನು ಅಂಟಿಸಿದರೆ ಹಾಲ್‌ನಿಂದ ನೋಡುವವರಿಗೆ ಸಮುದ್ರವೇ ಕಂಡಂತಾಗುತ್ತದೆ, ಅಡುಗೆಮನೆಯ ಪಾತ್ರೆಪಡಗ ಕಾಣುವುದಿಲ್ಲ ಎಂದ. ಅಣ್ಣತಮ್ಮ ಇಬ್ಬರೂ ಹಿಗ್ಗಿದರು. ಹಾಲ್ ಕಡೆ ಮರದ ಕೆಲಸ ಛಾವಣಿಯವರೆಗೂ ಬರುವುದರಿಂದ ಮುಚ್ಚಳ ಅಡುಗೆಮನೆ ಕಡೆಗೇ ತೆರೆಯಬೇಕು, ಕಾಳು ಹಾಕುವುದು, ನೀರು ಬದಲಿಸುವುದು, ಪಾಚಿ ತಿಕ್ಕುವುದು ಎಲ್ಲ ಆ ಕಡೆಯಿಂದಲೇ ಎಂದೂ ಅವನು ಹೇಳಿದ. ಅದನ್ನು ಯಾರು ಮಾಡಬೇಕೆಂದು ಯಾರೂ ಕೇಳಲಿಲ್ಲ. ಕೇಳುವ ಮಾತೇ ಅಲ್ಲ ಎನ್ನುವಂತೆ ಮೂವರೂ ಅವಲಕ್ಕಿ ತಿಂದರು.

ಆ ವಾರವಿಡೀ ಊಟದ ಹೊತ್ತಿಗೆ ಅದೇ ಜಗಳ. ತ್ರಿವೇಣಿ ತಾಟು ಇಡುತ್ತ ಹೇಳುತ್ತಿದ್ದಳು, ಚನ್ನವೀರ ಟೀವಿ ನೋಡುತ್ತ ಉತ್ತರ ಕೊಡುತ್ತಿದ್ದ. ಬೆಳಕು ಹೋಗುತ್ತದೆ ಎಂದರೆ ಟ್ಯೂಬ್‌ಲೈಟ್ ಹಾಕಿಸುತ್ತೇನೆ ಎಂದ. ಮೀನಿನ ಚಾಕರಿ ಮಾಡುವವಳಿಗೇ ಮೀನು ಕಾಣಬಾರದೇ ಎಂದರೆ, ಮೇಲಿಂದ ಬಗ್ಗಿ ನೋಡು ಎಂದ. ಸ್ವಪ್ನಿಲ್ ತಾಟಿನಲ್ಲಿ ತಲೆ ಹುದುಗಿಸಿ, ವೈನಿ, ಮದುವೆ ಒಂದು ಆಗಲಿ ಎಂದ. ಕೊನೆಗೆ ಚನ್ನವೀರ ತಾಯಿಯನ್ನು ಸಾಕ್ಷಿಗೆ ಕರೆದ. ನೀಲಿ ಕಾಗದ ಬಂದರೆ ಪರದೆ ಎಳೆಯುವ ಕೆಲಸವೇ ತಪ್ಪಿತಲ್ಲ, ಏನವ್ವ ಎಂದ. ಸಾವಂತ್ರವ್ವ ಹೂಂಗುಟ್ಟಿದಳು.

"ಅಡಗಿ ಮ್ಯಾಲ ಕಣ್ಣ ಬೀಳಬಾರದು, ಖರೇ ಐತಿ" ಎಂದಳು.

"ಹಂಗಾರ ಅಡಗಿ ಮಾಡಾಕಿನ್ನೂ ಮುಚ್ಚಿ ಇಡಬೇಕೇನು ಆಯಿ?" ಎಂದು ಅಜ್ಜಿಯನ್ನು ಕೇಳಿದಳು ಮುಕ್ತಾ.

ದೊಡ್ಡವರ ನಡುವೆ ಬಾಯಿ ಹಾಕಬೇಡ ಎಂದು ಚನ್ನವೀರ ಮಗಳನ್ನು ಗದರಿದ. ಮುಕ್ತಾ ಅರ್ಧ ರೊಟ್ಟಿ ಬಿಟ್ಟು ಎದ್ದಳು. ಬಿಟ್ಟ ರೊಟ್ಟಿಯನ್ನು ತ್ರಿವೇಣಿ ತಾನೇ ತಿಂದಳು. ಸಿಟ್ಟು ಬಂದಾಗ ಅವಳಿಗೆ ಹಸಿವೂ ಜಾಸ್ತಿ.

ಮುಂದಿನ ಭಾನುವಾರ ಅವಳು ಮಗಳಿಂದ ನೀಲಿ ಡ್ರಾಯಿಂಗ್ ಶೀಟುಗಳನ್ನು ತರಿಸಿ, ಬೆಳಿಗ್ಗೆಯೇ ಕಿಂಡಿಯ ಉದ್ದಕ್ಕೂ ಅಂಟಿಸಿಬಿಟ್ಟಳು. ಯಾರಿಗೂ ಏನೂ ಹೇಳಲಿಲ್ಲ. ಅಡುಗೆಮನೆ ಗುಹೆಯಾಯಿತು. ಹಳೆಯ ಬಲ್ಬಿನ ಹಳದಿ ಬೆಳಕಿನಲ್ಲಿ ರೊಟ್ಟಿ ಬೆಂದಿದೆಯೋ ಕರಕಾಗಿದೆಯೋ ತಿಳಿಯದೆ ಮೂಸಿ ಮೂಸಿ ತೆಗೆದಳು. ನೋಡಲಿ, ಒಂದು ದಿನವಾದರೂ ನೋಡಲಿ, ಬಾಯಿಂದ ಹೇಳಿದ್ದು ತಿಳಿಯದಿದ್ದರೆ ಕಣ್ಣಿಗಾದರೂ ತಿಳಿಯಲಿ ಎಂದುಕೊಂಡಳು.

ಗಂಡಸರಿಗೆ ತಿಳಿದದ್ದು ಒಂದೇ: ತಾಟು ಕಿಂಡಿಯಿಂದ ಬರುತ್ತಿಲ್ಲ. ಚನ್ನವೀರ ಲೋಟ ಎತ್ತಿದ, ಕೈ ಬರಲಿಲ್ಲ. ಎತ್ತಿದ ಲೋಟವನ್ನು ಒಂದೆರಡು ಸಲ ಅಲ್ಲಾಡಿಸಿದ. ತ್ರಿವೇಣಿ ಪ್ಯಾಸೇಜು ಸುತ್ತಿಕೊಂಡು ಬಂದು ನೀರು ಹಾಕಿದಾಗ, ಇಷ್ಟು ತಡ ಯಾಕೆ ಎಂದ. ನೀಲಿ ಹಾಳೆಯ ಬಗ್ಗೆ ಸ್ವಪ್ನಿಲ್, ವೈನಿ, ಬಣ್ಣ ಭಾಳ ಚಲೋ ಕಾಣತದ ಎಂದು ಮೆಚ್ಚಿಕೊಂಡ.

ತಿಳಿದದ್ದು ಸಾವಂತ್ರವ್ವನಿಗೆ. ಮಧ್ಯಾಹ್ನ ಗಂಡಸರು ಮಲಗಿದ್ದರು, ಮುಕ್ತಾ ಗೆಳತಿಯ ಮನೆಗೆ ಹೋಗಿದ್ದಳು. ಮುದುಕಿ ಮಂಚದ ಮೇಲಿಂದ ಎಂದಿನಂತೆ ಮಾತು ತೆಗೆದಳು: ತಂಗಿ ದೇವೀರಮ್ಮನ ಮೊಣಕಾಲು ನೋವು, ಹುಡುಗಿಯ ಕಡೆಯವರಿಗೆ ಮಾಡಬೇಕಾದ ಹೋಳಿಗೆ. ಉತ್ತರ ಬರಲಿಲ್ಲ. ಮತ್ತೆ ಕೂಗಿದಳು. ನೀಲಿ ಹಾಳೆಯಾಚೆ ಪಾತ್ರೆಯ ಸದ್ದು ಮಾತ್ರ. ಕಡೆಗೆ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಒಳಗೆ ಸೊಸೆ ಬಲ್ಬಿನ ಕೆಳಗೆ ಬಗ್ಗಿ ತೊಗರಿಬೇಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಆರಿಸುತ್ತಿದ್ದಳು.

"ಎಷ್ಟು ಹೊತ್ತಿಂದ ಒದರಾಕತ್ತೇನಿ. ಕೇಳಸಲಿಲ್ಲೇನು?"

"ಇಲ್ರಿ ಅತ್ತಿ. ಇನ್ನ ಮ್ಯಾಲ ಕೇಳಸೂದೂ ಇಲ್ಲ, ಕಾಣೂದೂ ಇಲ್ಲ."

ಸಾವಂತ್ರವ್ವ ಒಳಗೆ ಬಂದಳು. ಮೊರದ ಆಚೆ ಬದಿಗೆ ಕೂತು ತಾನೂ ಬೇಳೆಗೆ ಕೈ ಹಾಕಿದಳು. ಅವಳ ಕಣ್ಣಿಗೆ ಕಲ್ಲೂ ಬೇಳೆಯೂ ಒಂದೇ ಆಗಿ ಕಂಡವು. ಬೈದುಕೊಂಡು ಎದ್ದು ಹೋದಳು. ಬೈದದ್ದು ಯಾರನ್ನು ಎಂದು ತ್ರಿವೇಣಿಗೆ ಗೊತ್ತಾಗಲಿಲ್ಲ.

ಗೋಡೆ ಒಡೆಯುವವರು ಬಂದರು, ಹೋದರು. ಪರದೆಯೂ ನೀಲಿ ಹಾಳೆಗಳೂ ಧೂಳಿನಲ್ಲಿ ಕೆಳಗಿಳಿದವು. ಆ ಧೂಳನ್ನು ಡಬ್ಬಿಡಬ್ಬಿಯ ಮೇಲಿಂದ, ಬೇಳೆಯೊಳಗಿಂದ, ದೇವರ ಗೂಡಿನಿಂದ ತೆಗೆದವಳು ತ್ರಿವೇಣಿ. ತೊಟ್ಟಿ ದೊಡ್ಡದಾದ್ದರಿಂದ ಹೊರಗೆ ಕಟ್ಟಿ ತರಲಾಗದು, ಇಲ್ಲೇ ಗಾಜು ನಿಲ್ಲಿಸಿ ಅಂಟು ಹಾಕಿ ಕಟ್ಟಬೇಕು ಎಂದು ಮಧುಕರ ಹೇಳಿದ್ದ. ತೊಟ್ಟಿ ಕಟ್ಟುವ ದಿನ ಚನ್ನವೀರ ರಾಂಜಣಗಾಂವದ ಕಂಪನಿ ಬಸ್ಸು ಹತ್ತಿದ್ದ, ಸ್ವಪ್ನಿಲ್ ಆಫೀಸಿಗೆ ಹೋಗಿದ್ದ. ರಜೆ ಹಾಕಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಮನೆಯಲ್ಲಿ ಹೆಂಗಸರಿದ್ದಾರಲ್ಲ, ಚಹಾ ಮಾಡಿಕೊಡುತ್ತಾರೆ. ಕೆಲಸದವರಿಗೆ ಮೊದಲೇ ಹೇಳಿಡಬೇಕೆಂದೂ ತೋಚಿರಲಿಲ್ಲ. ತೊಟ್ಟಿಯ ಮುಂಭಾಗ ಹಾಲ್ ಕಡೆ ಎನ್ನುವುದು ಲೋಕಕ್ಕೇ ಗೊತ್ತಿರುವ ಸಂಗತಿ ಎಂದು ಅವರು ನಂಬಿದ್ದರು.

ಮಧುಕರ ಬರಲಿಲ್ಲ, ಆಳುಗಳಿಬ್ಬರನ್ನು ಕಳಿಸಿದ್ದ. ಅವರು ತಳದ ಗಾಜು ಕೂಡಿಸಿ, ಪಕ್ಕದ ಗಾಜು ನಿಲ್ಲಿಸಿ, ಉದ್ದದ ಎರಡು ಗಾಜುಗಳನ್ನು ಗೋಡೆಗೆ ಒರಗಿಸಿಟ್ಟರು, ಒಂದು ತಿಳಿ, ಒಂದು ಹಸಿರು; ಪಕ್ಕದಲ್ಲಿ ಹವಳದ ಚಿತ್ರದ ನೀಲಿ ಕಾಗದದ ಸುರುಳಿ. ಹಿರಿಯವನು ಬೆವರು ಒರೆಸಿಕೊಂಡು ಅಡುಗೆಮನೆಯತ್ತ ತಿರುಗಿ ಮರಾಠಿಯಲ್ಲಿ ಕೇಳಿದ: "ವಹಿನಿ, ದರ್ಶನಿ ಬಾಜೂ ಕುಠಲೀ?" ನೋಡುವ ಕಡೆ ಯಾವುದು?

ತ್ರಿವೇಣಿಯ ಕೈಯಲ್ಲಿ ಹಿಟ್ಟು ಮೆತ್ತಿತ್ತು. ಹಾಲ್ ಕಡೆ ಎಂದು ಹೇಳುವುದು ಬಹಳ ಸುಲಭವಿತ್ತು. ಕಟ್ಟೆಯ ಈ ಬದಿಯಲ್ಲಿ, ತಾನು ನಿಂತ ಜಾಗವನ್ನು ನೋಡಿಕೊಂಡಳು. ಇಷ್ಟು ವರ್ಷ ನಿಂತೂ ನಿಂತೂ ಅಲ್ಲಿನ ಹಾಸುಗಲ್ಲು ನುಣ್ಣಗಾಗಿತ್ತು.

"ಈ ಕಡೆ" ಎಂದಳು ಮರಾಠಿಯಲ್ಲಿ. ಆಳು ಅನುಮಾನದಿಂದ ಹಾಲ್‌ನ ಸೋಫಾ ನೋಡಿದ, ಮಂಚದ ಮೇಲಿನ ಹಿರಿಯಾಕೆಯ ಮುಖ ನೋಡಿದ. ಯಾವ ಮನೆಯಲ್ಲೂ ಹೀಗೆ ಹಾಕಿದ್ದಿಲ್ಲ ಎಂದು ಗೊಣಗಿದ.

ಸಾವಂತ್ರವ್ವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಪುಣೆಗೆ ಬಂದು ಇಷ್ಟು ವರ್ಷವಾದರೂ ಅವಳ ಮರಾಠಿ ಅರ್ಧ ಕನ್ನಡವೇ. ಆ ಭಾಷೆಯಲ್ಲೇ ಆಳಿಗೆ ಹೇಳಿದಳು, ಕೇಳಿಸಲಿಲ್ಲವೇ, ಅವಳು ಹೇಳಿದ ಕಡೆ ಹಾಕು. ಆಮೇಲೆ ಸೊಸೆಯತ್ತ ತಿರುಗದೆಯೇ, "ಆ ನೀಲಿ ಕಾಗದ ಇತ್ತ ಕೊಡು. ಉಪ್ಪಿನಕಾಯಿ ಭರಣಿ ಕೆಳಗ ಹಾಸಾಕ ಬರತೈತಿ" ಎಂದಳು.

ಸಂಜೆ ಚನ್ನವೀರ ಬೂಟು ಬಿಚ್ಚುತ್ತಲೇ ಕಂಡುಹಿಡಿದ. ಹಾಲ್ ಕಡೆ ಹಸಿರು ಗಾಜು ನಿಂತಿತ್ತು. ಅಂಟು ಹಿಡಿದಾಗಿತ್ತು, ಕಿತ್ತರೆ ತೊಟ್ಟಿಯೇ ಹೋಗುತ್ತದೆ. ಮೊದಲು ಆಳುಗಳನ್ನು ಬೈದ, ಫೋನಿನಲ್ಲಿ ಮಧುಕರನನ್ನು ಬೈದ, ಆಮೇಲೆ ತ್ರಿವೇಣಿ ತಾನೇ ಹೇಳಿದ್ದು ಎಂದಾಗ ಅವಳ ಕಡೆ ತಿರುಗಿದ.

"ಬುದ್ಧಿ ಐತೇನು ನಿನಗ? ಹತ್ತು ಮಂದಿ ಬಂದು ಕುಂದ್ರೂ ಕಡೆ ಹಸರು ಗಾಜ ಹಾಕಿಸೀಯಲ್ಲ!"

"ಹತ್ತು ಮಂದಿ ಯಾವಾಗರ ಒಮ್ಮೆ ಬಂದು ಕುಂದರ್ತಾರ. ನಾ ದಿನಾ ನಿಂದರ್ತೀನಿ."

"ಮಂದಿ ಮುಂದ ನನ್ನ ಮರ್ಯಾದಿ ಪ್ರಶ್ನೆ ಅದ."

"ಹಿಂದ ನಿಂತಾಕಿದು ಏನೂ ಪ್ರಶ್ನೆ ಇಲ್ಲೇನ್ರಿ?"

ಅವನು ತಾಯಿಯನ್ನು ಕರೆದ. ಸಾವಂತ್ರವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಎನ್ನುವುದು ಅವಳ ಬಾಯಿ ಎಲೆ ಜಗಿಯುತ್ತಿದ್ದುದರಿಂದ ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ರಾತ್ರಿ ಚನ್ನವೀರ ಉಣ್ಣಲಿಲ್ಲ. ಮರುದಿನ ಎರಡು ಹೊತ್ತಿನದೂ ಸೇರಿಸಿ ಉಂಡ.

ನೀರು ತುಂಬಿತು, ಮೀನು ಬಂದವು. ಬೆಳಕು ನೀರಿನೊಳಗಿಂದ ಅಲುಗುತ್ತ ಬಂದು ರೊಟ್ಟಿಯ ಹಲಗೆಯ ಮೇಲೆ ಬೀಳತೊಡಗಿತು. ಆದರೆ ತ್ರಿವೇಣಿಯ ಸಿಟ್ಟು ಇಳಿಯಲಿಲ್ಲ, ಇಳಿಯಲು ಕಾರಣವೂ ಇರಲಿಲ್ಲ. ಕಾಳು ಹಾಕುವವಳು ಅವಳೇ, ಪಾಚಿ ತಿಕ್ಕುವವಳು ಅವಳೇ. ಚನ್ನವೀರ ಮೊದಲಿನಂತೆಯೇ ಲೋಟ ಎತ್ತುತ್ತಿದ್ದ, ಕಿಂಡಿ ಇಲ್ಲದ್ದರಿಂದ ಅವಳು ಪ್ಯಾಸೇಜು ಸುತ್ತಿ ಬಂದು ನೀರು ಕೊಡಬೇಕಾಗುತ್ತಿತ್ತು. ತಿಳಿ ಗಾಜಿನಿಂದ ಅವಳಿಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಇದೇ: ಹೊತ್ತುಹೊತ್ತಿಗೆ ಮೇಲೇಳುವ ಆ ಕೈ.

ಹುಡುಗಿಯ ಕಡೆಯವರು ಬರುವ ದಿನ ಬಂತು. ಪರದೆ ಒಗೆದಿಟ್ಟಿದ್ದೇನೆ, ಕಟ್ಟಲೇ ಎಂದು ತ್ರಿವೇಣಿ ಅತ್ತೆಯನ್ನು ಕೇಳಿದಳು.

"ಬ್ಯಾಡ ಬಿಡು" ಎಂದಳು ಸಾವಂತ್ರವ್ವ. "ನೋಡಿದರ ನೋಡವಲ್ರ್ಯಾಕ. ಇದನ್ನೆಲ್ಲ ಮಾಡಾಕಿ ಯಾರು ಅಂತ ಅವರಿಗೂ ಗೊತ್ತಾಗಲಿ."

ಬೆಳಗಾವಿಯಲ್ಲಿ ಜವಳಿ ಅಂಗಡಿಯಿಟ್ಟ ಶಿವಪುತ್ರಪ್ಪ ಹೆಂಡತಿಯೊಡನೆ ಬಂದರು. ಈಗಿನ ಕಾಲದಂತೆ ಮಗಳು ಅನುಜಾಳೂ ಜೊತೆಗಿದ್ದಳು. ತೊಟ್ಟಿ ನೋಡಿ ಅವರು ಬೆರಗಾದದ್ದೇನೋ ಹೌದು. ಆದರೆ ಅದು ಮೀನಿಗೆ ಕಾಳು ಹಾಕುವ ಹೊತ್ತು. ಕೆಂಪು, ಕಪ್ಪು, ಬೆಳ್ಳಿ ಬಣ್ಣದ ಮೀನುಗಳೆಲ್ಲ ಅಡುಗೆಮನೆಯ ಗಾಜಿಗೆ ಮೂತಿ ಹಚ್ಚಿ ಗುಂಪುಗೂಡಿದ್ದವು. ಹಾಲ್‌ನಲ್ಲಿ ಕೂತವರಿಗೆ ಹಸಿರು ನೀರಿನಲ್ಲಿ ಬರೀ ಬಾಲಗಳು. ಚನ್ನವೀರ ಎದ್ದು ಗಾಜು ತಟ್ಟಿದ. ಒಂದು ಮೀನೂ ತಿರುಗಲಿಲ್ಲ.

"ಬೀಗರ, ಮೀನು ನಮಗ ಬೆನ್ನ ತೋರಸ್ತಾವಲ್ರಿ" ಎಂದು ಶಿವಪುತ್ರಪ್ಪ ನಗೆಯಾಡಿದರು.

ಗಂಡಸರು ಊಟಕ್ಕೆ ಕೂತರು. ಚನ್ನವೀರ ತನ್ನ ಎಂದಿನ ಕುರ್ಚಿಯಲ್ಲಿ, ತೊಟ್ಟಿಗೆ ಬೆನ್ನು ಹಾಕಿ. ಬೇಡವೆಂದರೂ ಕೇಳದೆ ಅನುಜಾ ಒಳಗೆ ಬಂದಳು. ಬಂದವಳು ತಿಳಿ ಗಾಜಿನ ಮುಂದೆ ನಿಂತು, ಇಲ್ಲಿಂದ ಎಷ್ಟು ಚೆಂದ ಕಾಣುತ್ತದೆ, ಒಂದೊಂದು ಹುರುಪೆಯೂ ಕಾಣುತ್ತದೆ ಎಂದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಅಕ್ಕಾರ, ಇವಕ್ಕ ದಿನಾ ಊಟ ಹಾಕೋರು ಯಾರ್ರಿ?"

"ಸದ್ಯ ನಾನು."

"ನಾ ಬಂದ ಮ್ಯಾಲ?"

ತ್ರಿವೇಣಿ ಹೋಳಿಗೆ ತಿರುವಿ ಹಾಕುತ್ತಿದ್ದಳು. ಹಂಚಿನ ಉರಿ ಸಣ್ಣಗೆ ಮಾಡಿ, ಮೀನಿನ ಕಾಳಿನ ಡಬ್ಬಿ ತೆಗೆದುಕೊಂಡು ಬಾಗಿಲವರೆಗೆ ನಡೆದಳು. ತಾನು ಈ ಮನೆಗೆ ಬಂದಾಗ ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದ ಮೈದುನನನ್ನು ಎಲ್ಲರೆದುರು ಕರೆದಳು.

"ಸ್ವಪ್ನಿಲ್, ಎದ್ದು ಬಾ. ಮೀನಿಗೆ ಊಟ ಹಾಕು."

ಇಸ್ತ್ರಿ ಅಂಗಿಯ ಸ್ವಪ್ನಿಲ್ ಅಣ್ಣನ ಮುಖ ನೋಡಿದ, ಬೀಗರ ಮುಖ ನೋಡಿದ. ಮಂಚದಿಂದ ಸಾವಂತ್ರವ್ವ, ಕರ್ಯಾಕತ್ತಾಳ, ಹೋಗೋ ಎಂದಳು. ಅವನು ಕೈ ತೊಳೆದುಕೊಂಡು ಒಳಗೆ ಬಂದ. ಮುಚ್ಚಳ ಎತ್ತಲು ಬರಲಿಲ್ಲ. ಅನುಜಾ ನೆರವಾಗಲು ಹೋದಾಗ ತ್ರಿವೇಣಿ ಕಣ್ಣಲ್ಲೇ ತಡೆದಳು. ಕೊನೆಗೆ ಹೇಗೋ ಎತ್ತಿ ಕಾಳು ಉದುರಿಸಿದ. ಮೀನುಗಳು ಅವನ ಬೆರಳಿನ ಕೆಳಗೆ ಕುದಿವ ನೀರಿನಂತೆ ಎದ್ದವು. ಅವನಿಗೆ ಖುಷಿಯಾಯಿತು. ತಲೆಯೆತ್ತಿ ನೀರಿನಾಚೆ ನೋಡಿದ. ಅಣ್ಣನ ಬೆನ್ನು, ನಗುವ ಬೀಗರು, ಖಾಲಿಯಾಗುತ್ತಿರುವ ತಾಟುಗಳು. ಈ ಜಾಗದಲ್ಲಿ ನಿಂತು ಅವನು ಆ ಹಾಲ್ ನೋಡಿದ್ದು ಅದೇ ಮೊದಲು.

ಆಗ ಚನ್ನವೀರನ ಎಡಗೈ ಎದ್ದಿತು. ಮಾತು ಬೀಗರೊಡನೆ ನಡೆದೇ ಇತ್ತು, ತಲೆ ಹೊರಳಲಿಲ್ಲ, ಖಾಲಿ ಲೋಟ ಹೆಗಲ ಮಟ್ಟಕ್ಕೆ ಬಂದು ಗಾಜಿನ ಹತ್ತಿರ ನಿಂತಿತು.

ಅನುಜಾ ಆ ಕೈ ನೋಡಿದಳು, ಆಮೇಲೆ ಸ್ವಪ್ನಿಲ್‌ನ ಮುಖ ನೋಡಿದಳು. ತ್ರಿವೇಣಿ ಅಲುಗಲಿಲ್ಲ. ನೀರಿನ ಚೊಂಬನ್ನು ಕಟ್ಟೆಯ ಮೇಲೆ ಮೈದುನನ ಕಡೆಗೆ ಸರಿಸಿದಳು.

"ಏನದು ವೈನಿ?" ಎಂದ ಸ್ವಪ್ನಿಲ್.

"ನಿಮ್ಮಣ್ಣ ನೀರು ಕೇಳಾಕತ್ತಾರ" ಎಂದಳು ತ್ರಿವೇಣಿ. "ಹಾಲ್‌ನಾಗ ಕುಂತವರಿಗೆ ಇದು ಕಾಣೂದಿಲ್ಲ."

ಲೋಟ ಒಮ್ಮೆ ಅಲ್ಲಾಡಿತು. ಸ್ವಪ್ನಿಲ್ ಚೊಂಬಿಗೆ ಕೈ ಹಾಕಿ ಹಾಗೇ ನಿಂತಿದ್ದ. ಈ ಕಡೆಯ ಗಾಜು ಬಹಳ ತಿಳಿಯಾಗಿತ್ತು; ಆಚೆಯ ಹಸಿರಿನಲ್ಲೂ ಎತ್ತಿದ ಆ ಕೈ, ಅದರ ಉಂಗುರ, ಖಾಲಿ ಲೋಟದ ತಳ, ಎಲ್ಲವೂ ಇಲ್ಲಿಂದ ಬಹಳ ಚೆನ್ನಾಗಿ ಕಾಣುತ್ತಿದ್ದವು.